ಖಾಲಿ ಬ್ರಾಕೆಟ್ಟು, ಸಾಂಬಾರಿನ ಸೌಟು

ನನ್ನ ಗಂಡ ಯಾದಗಿರಿ ಇಪ್ಪತ್ತೊಂದು ವರ್ಷ ಅಮೀರ್‌ಪೇಟೆಯಲ್ಲಿ ಜಾವಾಸ್ಕ್ರಿಪ್ಟ್ ಅನ್ನುವ ಕಂಪ್ಯೂಟರ್ ಭಾಷೆ ಹೇಳಿಕೊಟ್ಟರು. ಒಂದು ದಿನವೂ ಕಂಪನಿಯಲ್ಲಿ ಕೆಲಸ ಮಾಡಲಿಲ್ಲ. ಯಾಕೆ ಎಂದು ಕೇಳಿದವರಿಗೆ, "ಕಂಪನಿಯಾಗ ಲಿಫ್ಟ್ ಇರ್ತದ. ನನಗ ಲಿಫ್ಟಿನಾಗ ತಲಿ ತಿರುಗ್ತದ" ಎನ್ನುತ್ತಿದ್ದರು. ಕೇಳಿದವರು ತಮಾಷೆ ಅಂದುಕೊಳ್ಳುತ್ತಿದ್ದರು. ನಿಜ ಅದು. ಒಮ್ಮೆ ಕಣ್ಣಿನ ಆಸ್ಪತ್ರೆಯ ಲಿಫ್ಟಿನಲ್ಲಿ ನನ್ನ ಸೆರಗು ಹಿಡಿದುಕೊಂಡು ನಿಂತಿದ್ದರು.

ಹೋದ ಮಾಘದಲ್ಲಿ ತೀರಿಹೋದರು. ಎದೆನೋವು ಎಂದರು, ನೀರು ಕೇಳಿದರು, ನೀರು ತರುವಷ್ಟರಲ್ಲಿ ಇರಲಿಲ್ಲ. ಅದರ ಬಗ್ಗೆ ಇಷ್ಟೇ. ಉಳಿದದ್ದು ಬರೆಯುತ್ತೇನೆ.

ನಾನು ಹುಮನಾಬಾದಿನವಳು. ಹೆಸರು ಮಹಾನಂದಾ. ಏಳನೆಯ ತನಕ ಓದಿದ್ದೇನೆ. ಮದುವೆಯಾಗಿ ಈ ಕಡೆ ಬಂದು ಮೂವತ್ತು ವರ್ಷವಾಯಿತು. ಇಲ್ಲಿ ಮಾತೆಲ್ಲ ತೆಲುಗು. ನನ್ನ ಕಿವಿಗೆ ಅದು ಈಗ ನಮ್ಮ ಮಾತಿನ ಹಾಗೇ ಬೀಳುತ್ತದೆ, ಹಾಗೇ ಬರೆಯುತ್ತೇನೆ.

ಹೆಣ್ಣು ನೋಡಲು ಬಂದಾಗ ಇವರು ಜಹೀರಾಬಾದಿನಲ್ಲಿ ಟೈಪಿಂಗ್ ಹೇಳಿಕೊಡುತ್ತಿದ್ದರು. ಇಪ್ಪತ್ತು ಮಷಿನ್ನು, ಅದರ ಮೇಲಿನ ಕೋಣೆಯಲ್ಲಿ ಇವರ ವಾಸ. ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ. "ಗದ್ದಲದಾಗ ನಿದ್ದಿ ಬರ್ತದೇನು?" ಬರ್ತದ ಎಂದೆ. ಮದುವೆ ಆಯಿತು. ಟೈಪಿಂಗ್ ಕಾಲ ಮುಗಿದ ಮೇಲೆ ಕಂಪ್ಯೂಟರ್ ಕಲಿತು ಪಟ್ಟಣಕ್ಕೆ ಬಂದರು. ಅಮೀರ್‌ಪೇಟೆಯಲ್ಲಿ ಬೀದಿ ತುಂಬ ಕಂಪ್ಯೂಟರ್ ಕ್ಲಾಸು, ಗದ್ದಲ ಇನ್ನೂ ಜಾಸ್ತಿ. ನಿದ್ದೆ ಬರುತ್ತಿತ್ತು. ಈಗ ಬರುವುದಿಲ್ಲ.

ನಾವಿದ್ದ ಕಟ್ಟಡ ಜಂಗಾರೆಡ್ಡಿಯದು. ಮೊದಲ ಮಹಡಿಯಲ್ಲಿ ಅವನ ಇನ್‌ಸ್ಟಿಟ್ಯೂಟ್, ಅದರಲ್ಲಿ ದೊಡ್ಡ ಹಾಲ್. ಕೆಳಗೆ ನನ್ನ ಮೆಸ್ಸು. ಹಿಂದೆ ಹುಡುಗರ ಹಾಸ್ಟೆಲ್ಲು. ಮೆಸ್ಸಿನ ಹೊಗೆ ಹೋಗಲು ಕಟ್ಟಿದ ಕಿಂಡಿ ತಪ್ಪಿ ಹಾಲ್‌ನ ಬೋರ್ಡಿನ ಕೆಳಗೆ ಬಾಯಿ ಬಿಟ್ಟಿತ್ತು. ನನ್ನ ಒಗ್ಗರಣೆ ಮೇಲೆ ಹೋಗುತ್ತಿತ್ತು, ಇವರ ಪಾಠ ಕೆಳಗೆ ಬರುತ್ತಿತ್ತು. ಮೆಣಸಿನಕಾಯಿ ಹುರಿದ ದಿನ ಇಡೀ ಕ್ಲಾಸು ಕೆಮ್ಮುತ್ತಿತ್ತು. ಹಾಗಾಗಿ ಇವರ ಪಾಠ ನನಗೆ ಬಾಯಿಪಾಠ. ಅರ್ಥ ಅರ್ಧ.

ಬಕೆಟ್ಟಿನ ಪಾಠ ಮಾತ್ರ ಪೂರ್ತಿ ಅರ್ಥವಾಗಿತ್ತು. ಯಾಕೆಂದರೆ ಬಕೆಟ್ಟು ನನ್ನದು.

ಹಾಸ್ಟೆಲ್ಲಿನ ಕಾರಿಡಾರಿನಲ್ಲಿ ಒಂದು ನೀಲಿ ಬಕೆಟ್ಟು ಇಟ್ಟಿದ್ದೆ, ಎಲ್ಲರಿಗೂ ಅಂತ. ಒಬ್ಬ ಅದರಲ್ಲಿ ಹೀಟರ್ ಇಳಿಬಿಟ್ಟು ನೀರು ಕಾಯಿಸಿ ಟವೆಲ್ ತರಲು ಹೋಗುತ್ತಿದ್ದ. ಅಷ್ಟರಲ್ಲಿ ಇನ್ನೊಬ್ಬ ಎತ್ತಿಕೊಂಡು ಹೋಗಿ ಸ್ನಾನ ಮುಗಿಸುತ್ತಿದ್ದ. ಮೂರನೆಯವನು ಅದರಲ್ಲೇ ತಣ್ಣೀರು ತುಂಬಿ ಸಾಕ್ಸ್ ನೆನೆಹಾಕುತ್ತಿದ್ದ. ಮೊದಲನೆಯವನು ಬಂದು, ತಲೆಗೆ ಸೋಪು ಹಚ್ಚಿ, ಕಣ್ಣು ಮುಚ್ಚಿ ಸುರಿದುಕೊಳ್ಳುತ್ತಿದ್ದ. ಆಮೇಲೆ ಕಾರಿಡಾರಿನಲ್ಲಿ ಬರೀ ಟವೆಲ್ಲಿನಲ್ಲಿ ಜಗಳ.

ಮರುದಿನ ಬೆಳಿಗ್ಗೆ ಇವರು ಮೇಲೆ ಶುರು ಮಾಡುತ್ತಿದ್ದರು.

"ಏಯ್, ನಿನ್ನೆ ಯಾರ ತಲಿ ಮ್ಯಾಲ ಸಾಕ್ಸ್ ಬಿತ್ತು? ನಿಂದೇನಪ್ಪಾ? ಎದ್ದು ನಿಲ್ಲು, ಚಪ್ಪಾಳಿ ಹೊಡೀರಿ ಅವನಿಗ. ಕಾರಿಡಾರಿನ ಬಕೀಟಂದ್ರ ಗ್ಲೋಬಲ್ ವೇರಿಯೆಬಲ್. ಹೆಸರು ಒಂದು, ಕೈ ನಲವತ್ತು. ನೀ ಅದರಾಗ ಬಿಸಿನೀರು ಇಟ್ಟಿ ಅಂತ ನಂಬ್ತಿ, ಪ್ರೋಗ್ರಾಂ ಸಾಕ್ಸ್ ಕೊಡ್ತದ."

"ಹಂಗಾರ ಏನು ಮಾಡಬೇಕು ಸಾರ್?"

"ಬಚ್ಚಲಕ್ಕ ನಿಂದೇ ಬಕೀಟು ತೊಗೊಂಡು ಹೋಗು. ಚಿಲಕ ಹಾಕು. ಅದಕ್ಕೂ ಬಕೀಟು ಅಂತಲೇ ಹೆಸರಿಡು, ಯಾರು ಬ್ಯಾಡಂತಾರ? ಫಂಕ್ಷನ್ ಅಂದ್ರ ಬಚ್ಚಲಾ. ಒಳಗಿನವನಿಗೆ ಹೊರಗಿಂದು ಕಾಣ್ತದ. ಹೊರಗಿನವನಿಗೆ ಒಳಗಿಂದು ಕಾಣಂಗಿಲ್ಲ. ಕಾಣಲೂಬಾರದು, ಅವ ಸ್ನಾನ ಮಾಡ್ಲಿಕತ್ತಾನ."

"ಒಳಗಿನ ಬಕೀಟಿನ ಹೆಸರಿನ ಮುಂದ ವಾರ್ ಅಂತ ಬರೀಲಿಲ್ಲಂದ್ರ ಸಾರ್?"

"ಬಾಗಿಲು ತೆರದಿಟ್ಟು ಕೂತಂಗ. ಒಳಗಿನ ನೀರೆಲ್ಲಾ ಕಾರಿಡಾರಿಗೆ ಬರ್ತದ, ಜೊತೀಗಿ ಮರ್ಯಾದಿನೂ."

ನಾನು ಕೆಳಗೆ ಉಪ್ಮಾ ತಿರುವುತ್ತಾ ಇದನ್ನು ಕೇಳಿ ಒಂದು ಬಕೆಟ್ಟಿನ ಬದಲು ಹತ್ತು ಚಿಕ್ಕ ಬಕೆಟ್ಟು ತಂದಿಟ್ಟೆ. ಇವರು ಸಿಟ್ಟಾದರು. "ನನ್ನ ಉದಾಹರಣಿನೇ ತೆಗದಿ ಅಲ್ಲ, ಈಗ ನಾ ಏನು ಹೇಳ್ಲಿ?" ನೀಲಿ ಬಕೆಟ್ಟನ್ನು ತಿರುಗಿ ಕಾರಿಡಾರಿನಲ್ಲಿಟ್ಟೆ. ಪಾಠಕ್ಕಾಗಿ.

ಇವರಿಗೆ ಎಲ್ಲ ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ಬರೆದರೆ ಇರುವೆ ಶಾಯಿಯಲ್ಲಿ ಬಿದ್ದೆದ್ದು ಮನೆಗೆ ಹೋದಂತೆ ಇರುತ್ತಿತ್ತು. ಬೇರೆ ಊರಲ್ಲಾದರೆ ನಡೆಯುತ್ತಿತ್ತು. ಅಮೀರ್‌ಪೇಟೆಯಲ್ಲಿ ನಡೆಯುವುದಿಲ್ಲ. ಇಲ್ಲಿ ಪ್ರತಿ ಸಾರ್ ಕೈಬರಹದ ನೋಟ್ಸು ಜೆರಾಕ್ಸ್ ಅಂಗಡಿಯಲ್ಲಿ ಸಿಗುತ್ತದೆ. ಕ್ಲಾಸಿನ ಮುಖ ನೋಡದವರೂ ಕೊಂಡು ಓದುತ್ತಾರೆ. ನೋಟ್ಸು ಚೆನ್ನಾಗಿದ್ದರೆ ಸಾರ್ ದೊಡ್ಡವರು.

ಜೆರಾಕ್ಸ್ ಅಂಗಡಿಯ ಕಾಸಿಂ ಭಾಯಿ ಒಂದು ದಿನ ಮೆಸ್ಸಿಗೇ ಬಂದ.

"ಸಾರ್, ಸಿಟ್ಟಾಗಬ್ಯಾಡ್ರಿ. ನಿಮ್ಮ ನೋಟ್ಸ್ ಒಯ್ದೋರು ತಿರುಗಿ ಬಂದು, ನಿನ್ನ ಮಷಿನ್ ಕೆಟ್ಟದೇನು ಅಂತ ಕೇಳ್ತಾರ. ಮೂರು ಸಲ ಮಷಿನ್ ರಿಪೇರಿ ಮಾಡಿಸೀನಿ. ಮಷಿನ್ ಚಲೋ ಅದ ಸಾರ್."

ಹಾಗಾಗಿ ನೋಟ್ಸು ನಾನು ನಕಲು ಮಾಡಿದೆ. ಇಂಗ್ಲಿಷ್ ಅಕ್ಷರ ನನಗೆ ಗೊತ್ತು, ಮಾತು ಗೊತ್ತಿಲ್ಲ. ಅದರಿಂದ ತೊಂದರೆಯಿಲ್ಲ, ರಂಗೋಲಿ ಹಾಕುವ ಕೈ. ಇವರು ಪಕ್ಕದಲ್ಲಿ ಕೂತು ಇದು ಎಸ್, ಇದು ಐದು, ಇದು ಇರುವೆ ಅಲ್ಲ ಸೆಮಿಕೋಲನ್ ಎಂದು ಹೇಳುತ್ತಿದ್ದರು. ನೂರ ಹನ್ನೆರಡು ಪುಟ. ಮಧ್ಯಾಹ್ನ ಪಾತ್ರೆ ತೊಳೆದ ಮೇಲೆ ದಿನಕ್ಕೆ ಎರಡು ಪುಟ. ಕೊನೆಯ ದಿನಗಳಲ್ಲಿ ಇವರು ಪಕ್ಕದಲ್ಲಿ ಕೂರುವುದನ್ನು ಬಿಟ್ಟರು. ನಿನಗ ಬರ್ತದ, ಬರಿ ಎಂದರು.

ಆ ಕೊನೆಯ ಪುಟಗಳಲ್ಲಿ ತಾನೇ ಓಡುವ ಫಂಕ್ಷನ್ ಅಂತ ಒಂದು ಪಾಠವಿತ್ತು, ಯಾರೂ ಬೇರೆಯಾಗಿ ಕರೆಯದೆ ತಾನೇ ಒಂದು ಸಲ ಕೆಲಸ ಮಾಡಿ ಮುಗಿಸುವಂಥದು. ಹದಿನಾಲ್ಕು ಉದಾಹರಣೆ. ಹದಿನಾಲ್ಕರದೂ ಒಂದೇ ಆಕಾರ. ಮೊದಲು ಒಂದು ದೊಡ್ಡ ಬ್ರಾಕೆಟ್ಟು ತೆರೆಯುತ್ತದೆ, ಒಳಗೆ ಫಂಕ್ಷನ್ನು, ಅದರ ಸಂಸಾರ, ಆಮೇಲೆ ದೊಡ್ಡ ಬ್ರಾಕೆಟ್ಟು ಮುಚ್ಚುತ್ತದೆ. ಅಲ್ಲಿಗೆ ಮುಗಿಯಬೇಕು. ಮುಗಿಯುವುದಿಲ್ಲ. ಮುಚ್ಚಿದ ಬಾಗಿಲಿನ ಆಚೆ ಇನ್ನೊಂದು ಸಣ್ಣ ಬ್ರಾಕೆಟ್ಟು ತೆರೆದು ಮುಚ್ಚಿ ನಿಂತಿರುತ್ತದೆ. ಒಳಗೆ ಏನೂ ಇಲ್ಲ.

ಫಂಕ್ಷನ್ ಅನ್ನುವ ಮಾತಿನ ಪಕ್ಕದಲ್ಲೂ ಒಂದು ಖಾಲಿ ಬ್ರಾಕೆಟ್ಟು ಇರುತ್ತದೆ. ಅದನ್ನು ನಾನು ಮುಟ್ಟಲಿಲ್ಲ, ಅದು ಮಾತಿಗೆ ಅಂಟಿಕೊಂಡಿತ್ತು. ಕೊನೆಯದು ಯಾರಿಗೂ ಸಂಬಂಧವಿಲ್ಲದ ಹಾಗೆ ಹೊರಗೆ ನಿಂತಿತ್ತು. ಇವರ ಕೈ ಜಾರಿ ಬಿದ್ದದ್ದು ಅಂದುಕೊಂಡೆ. ತೆಗೆದೆ. ಹದಿನಾಲ್ಕೂ.

ನೋಟ್ಸು ಚೆನ್ನಾಗಿ ಹೋಯಿತು. ಕಾಸಿಂ ಭಾಯಿ ಮಷಿನ್ ಬಿಸಿಯಾಗುತ್ತದೆಂದು ಎದುರಿಗೆ ಫ್ಯಾನ್ ಇಟ್ಟ. ಇವರು ತಮ್ಮ ನೋಟ್ಸನ್ನು ತಾವು ತೆರೆದು ನೋಡಲಿಲ್ಲ. ಎಲ್ಲ ತಲೆಯಲ್ಲಿತ್ತು. ಬೋರ್ಡಿನ ಮೇಲೆ ಸರಿಯಾಗಿಯೇ ಬರೆಯುತ್ತಿದ್ದರು, ಆ ಅಕ್ಷರ ಯಾರಿಗೂ ಓದಲು ಬರುತ್ತಿರಲಿಲ್ಲ, ಹುಡುಗರು ನೋಟ್ಸು ನೋಡಿಕೊಳ್ಳುತ್ತಿದ್ದರು. ಪರೀಕ್ಷೆಗೆ, ಇಂಟರ್‌ವ್ಯೂಗೆ ಕಾಗದದ ಮೇಲೆ ಬರೆಯುವ ಹುಡುಗರು. ಕಾಗದದ ಮೇಲೆ ಬರೆದದ್ದು ಓಡಿದರೇನು, ಬಿಟ್ಟರೇನು. ಹೀಗೆ ಎರಡು ವರ್ಷ ನಡೆಯಿತು.

ಆಮೇಲೆ ಚರಣ್ ತೇಜ ಬಂದ.

ಇಪ್ಪತ್ತಾರು ವಯಸ್ಸು. ಕಂಪನಿಯಲ್ಲಿ ಮೂರು ವರ್ಷ ಕೆಲಸ ಮಾಡಿ ಬಂದವನು. ಚಾಕ್‌ಪೀಸ್ ಮುಟ್ಟುವುದಿಲ್ಲ. ಲ್ಯಾಪ್‌ಟಾಪ್ ತೆರೆದರೆ ಗೋಡೆಯ ಮೇಲೆ ಎಲ್ಲ ಕಾಣುತ್ತದೆ, ಬಣ್ಣಬಣ್ಣವಾಗಿ. ಜಂಗಾರೆಡ್ಡಿ ಮರುಳಾದ. ಹಾಲ್‌ಗೆ ಹೊಸ ಟೈಲ್ಸ್ ಹಾಕಿಸಿದ, ಬಿಳಿಯವು. ಪ್ರೊಜೆಕ್ಟರ್ ತಂದ. ಒಂದು ಬೆಳಿಗ್ಗೆ ಮೆಸ್ಸಿನಲ್ಲಿ ಪೆಸರಟ್ಟು ತಿನ್ನುತ್ತಾ ಇವರಿಗೆ ಹೇಳಿದ.

"ಯಾದಗಿರಿ ಸಾರ್, ಏಳು ಗಂಟೀದು ಚರಣ್‌ಗ ಕೊಡೋಣಂತ ಅನಸ್ತದ."

ಅಮೀರ್‌ಪೇಟೆಯಲ್ಲಿ ಬೆಳಗಿನ ಏಳು ಗಂಟೆಯ ಹಾಲ್ ಎಂದರೆ ಎಲ್ಲ. ಕೆಲಸ ಇದ್ದವರು ಕೆಲಸಕ್ಕೆ ಮೊದಲು ಬರುತ್ತಾರೆ, ಇಲ್ಲದವರು ಹುಡುಕುವುದಕ್ಕೆ ಮೊದಲು ಬರುತ್ತಾರೆ. ಅದು ಹೋದರೆ ಮಧ್ಯಾಹ್ನ ಎರಡು ಗಂಟೆ ಸಿಗುತ್ತದೆ. ಎರಡು ಗಂಟೆಗೆ ಉಂಡವರು ಮಲಗಲು ಬರುತ್ತಾರೆ. ಎರಡು ಗಂಟೆಯ ಸಾರ್ ಒಂದು ವರ್ಷದ ನಂತರ ಯಾರಿಗೂ ನೆನಪಿರುವುದಿಲ್ಲ.

"ಹದಿನೈದು ವರ್ಷದಿಂದ ಏಳು ಗಂಟಿ ನಂದು," ಎಂದರು ಇವರು.

"ಅದಕ್ಕೇ ಹೇಳ್ಲಿಕತ್ತೀನಿ. ಹಳೇದಾತು."

"ಡೆಮೊ ಇಡ್ರಿ."

ಡೆಮೊ ಇಲ್ಲಿನ ಪದ್ಧತಿ. ಮೂರು ದಿನ ಯಾರು ಬೇಕಾದರೂ ಬಂದು ಸುಮ್ಮನೆ ಕೂತು ಕೇಳಬಹುದು. ನಾಲ್ಕನೆಯ ದಿನ ಮನಸ್ಸಿಗೆ ಬಂದ ಸಾರ್ ಹತ್ತಿರ ಹೆಸರು ಬರೆಸುತ್ತಾರೆ.

ಜಂಗಾರೆಡ್ಡಿ ಒಪ್ಪಿದ. ಏಳರಿಂದ ಎಂಟು ಇವರು, ಎಂಟರಿಂದ ಒಂಬತ್ತು ಚರಣ್. ಯಾರಿಗೆ ಹೆಚ್ಚು ಹೆಸರೋ ಅವರಿಗೆ ಏಳು ಗಂಟೆ. "ಆದ್ರ ಸಾರ್, ಗೋಡಿ ಮ್ಯಾಲ ಓಡಿಸಿ ತೋರಿಸಬೇಕು. ಪ್ರೊಜೆಕ್ಟರ್ ಸುಮ್ಮ ತಂದಿಲ್ಲ ನಾ."

ಆ ಮೂರು ದಿನ ಇವರು ಊಟ ಸರಿಯಾಗಿ ಮಾಡಲಿಲ್ಲ. ಗೋಂಗೂರ ಚಟ್ನಿ ಮುಂದಿಟ್ಟರೂ ನೋಡಲಿಲ್ಲ. ಬೆರಳಿನಲ್ಲಿ ಚಾಕ್‌ಪೀಸ್ ಇಲ್ಲದಿದ್ದರೂ ಇರುವ ಹಾಗೆ ತಿರುಗಿಸುತ್ತಿದ್ದರು. "ಎರಡು ಗಂಟೀದು ಬಂದ್ರ ನಾ ಊರಿಗೆ ಹೋಗ್ತೀನಿ" ಎಂದರು. ಊರಲ್ಲಿ ಏನಿದೆ ಎಂದೆ. ಏನೂ ಇರಲಿಲ್ಲ.

ಮೊದಲ ದಿನ ಬಕೆಟ್ಟು. ಹಾಲ್ ನಕ್ಕಿತು. ಆದರೆ ಎಂಟು ಗಂಟೆಗೆ ಚರಣ್ ಗೋಡೆಯ ಮೇಲೆ ಚೆಂಡು ಕುಣಿಸಿದ, ಹುಡುಗರು ಬಾಯಿ ತೆರೆದು ನೋಡಿದರು. ಎರಡನೆಯ ದಿನ ಇಬ್ಬರದೂ ಸಮ ಎಂದು ಹುಡುಗರು ಉಪ್ಮಾ ತಿನ್ನುತ್ತಾ ಮಾತಾಡಿಕೊಂಡರು. ಮೂರನೆಯ ದಿನಕ್ಕೆ ಇವರು ಇಟ್ಟುಕೊಂಡದ್ದು ತಾನೇ ಓಡುವ ಫಂಕ್ಷನ್ನು.

ಅವತ್ತು ಹಾಲ್‌ನಲ್ಲಿ ನೂರಿಪ್ಪತ್ತು ಜನ. ಹಿಂದಿನ ಬೆಂಚಿನಲ್ಲಿ ಜಂಗಾರೆಡ್ಡಿ, ಅವನ ಪಕ್ಕ ಚರಣ್. ನಾನು ಕೆಳಗೆ ಸಾಂಬಾರು ಕುದಿಸುತ್ತಾ ಕಿಂಡಿಯ ಕೆಳಗೆ ನಿಂತಿದ್ದೆ.

ಇವರಿಗೆ ಲ್ಯಾಪ್‌ಟಾಪಿನ ಕೀಲಿ ಕಾಣುತ್ತಿರಲಿಲ್ಲ, ಕಣ್ಣಿಗೆ ಪೊರೆ. ಮುಂದಿನ ಬೆಂಚಿನ ಖಮ್ಮಂ ಹುಡುಗಿ ಸೌಜನ್ಯಳನ್ನು ಕರೆದರು. "ಬಾರಮ್ಮಾ, ನೋಟ್ಸಿನಾಗ ಹ್ಯಾಂಗದ ಹಂಗೇ ಹೊಡಿ. ಗೋಡಿ ಮ್ಯಾಲ ಅಮೀರ್‌ಪೇಟ್ ಅಂತ ಬರ್ತದ, ನೋಡ್ರಿ ಎಲ್ಲಾರೂ."

ಟಕಟಕ ಕೇಳಿಸಿತು. ನಿಂತಿತು.

"ಹೊಡದೀನಿ ಸಾರ್."

"ಓಡಿಸು."

"ಓಡಿಸೀನಿ ಸಾರ್."

"ಏನು ಬಂತು?"

"ಏನೂ ಬಂದಿಲ್ಲ ಸಾರ್."

"ಎರರ್ ಏನದ?"

"ಎರರೂ ಇಲ್ಲ ಸಾರ್. ಸುಮ್ಮ ಕೂತದ."

ಇನ್ನೊಬ್ಬ ತನ್ನ ಲ್ಯಾಪ್‌ಟಾಪಿನಲ್ಲಿ ಹೊಡೆದ. ಮತ್ತೊಬ್ಬ ಹೊಡೆದ. ಮೂವತ್ತು ಜನ ಹೊಡೆದರು. "ನಂದೂ ಸುಮ್ಮ ಕೂತದ ಸಾರ್." "ನಂದೂ." ಯಾರೋ ಕಿಸಕ್ಕೆಂದರು. ಆಮೇಲೆ ಚರಣ್‌ನ ಧ್ವನಿ ಬಂತು, ಮೆತ್ತಗೆ, ಅದೇ ಇನ್ನೂ ಕೆಟ್ಟದು.

"ಸಾರ್, ಕ್ಷಮಿಸ್ರಿ. ಫಂಕ್ಷನ್ ಬರದದ, ಕರದೇ ಇಲ್ಲ. ಕೊನೀಗಿ ಖಾಲಿ ಬ್ರಾಕೆಟ್ ಬೇಕಲ್ಲ. ಈ ನೋಟ್ಸಿನಾಗ ಒಂದು ಕಡಿನೂ ಇಲ್ಲ. ಹದಿನಾಕೂ ನೋಡೀನಿ."

ನನ್ನ ಕೈಯಲ್ಲಿ ಸೌಟು ನಿಂತಿತು.

"ಯಾದಗಿರಿ ಸಾರ್," ಎಂದ ಜಂಗಾರೆಡ್ಡಿ, "ಇದನ್ನೇ ಏನು ನೀವು ಇಷ್ಟು ವರ್ಷ ಮಾರಿದ್ದು?"

ಇವರು ಚಾಕ್‌ಪೀಸ್ ಕೆಳಗಿಟ್ಟ ಸದ್ದು ಕೇಳಿಸಿತು. ಆಮೇಲೆ, "ತಪ್ಪು ನಂದು. ಬರೀಬೇಕಾದ್ರ ನಾನೇ ಬಿಟ್ಟೀನಿ" ಎಂದರು.

ಅವರು ಸುಳ್ಳು ಹೇಳಿದ್ದನ್ನು ನಾನು ಅಲ್ಲಿಯತನಕ ಕೇಳಿರಲಿಲ್ಲ. ಗ್ಯಾಸ್ ಆರಿಸಿದೆ. ಇಪ್ಪತ್ತೆರಡು ಮೆಟ್ಟಿಲು ಹತ್ತಿದೆ. ಬಾಗಿಲಲ್ಲಿ ನಿಂತ ಮೇಲೆ ಗೊತ್ತಾಯಿತು, ಸೌಟು ಕೈಯಲ್ಲೇ ಇತ್ತು.

"ಸುಳ್ಳು ಹೇಳಬ್ಯಾಡ್ರಿ. ನಾ ತೆಗದೀನಿ," ಎಂದೆ.

ನೂರಿಪ್ಪತ್ತು ತಲೆ ತಿರುಗಿದವು.

"ನೀ ಯಾಕ ಬಂದಿ? ಸಾಂಬಾರ್ ಹೊತ್ತತದ, ಹೋಗು."

"ಗ್ಯಾಸ್ ಆರಿಸಿ ಬಂದೀನಿ."

"ತಪ್ಪು ನಂದಂತ ಹೇಳೀನಲ್ಲ."

"ನಿಮ್ಮದು ಹ್ಯಾಂಗಾಗ್ತದ? ನೀವು ಬರದದ್ದು ನಿಮಗೇ ಓದ್ಲಿಕ್ಕೆ ಬರಂಗಿಲ್ಲ. ನೂರಾ ಹನ್ನೆರಡು ಪುಟ ಬರದಾಕಿ ನಾನು."

ಹಾಲ್ ನಕ್ಕಿತು. ಜಂಗಾರೆಡ್ಡಿ ಎದ್ದು ನಿಂತ. "ಅಕ್ಕಾ, ತೆಗದದ್ದು ಯಾಕ?"

"ಒಳಗ ಏನೂ ಇದ್ದಿಲ್ಲ. ಹದಿನಾಕು ಕಡಿ ಖಾಲಿ. ಖಾಲಿ ಡಬ್ಬಿ ನಾ ಮೆಸ್ಸಿನಾಗೂ ಇಡಂಗಿಲ್ಲ."

"ಅಯ್ಯೋ ಅಕ್ಕಾ..."

"ಹೇಳೋದು ಹೇಳೀನಿ. ಬೈಯೋದಿದ್ರ ಕೆಳಗ ಬಂದು ಬೈರಿ," ಎಂದು ಇಳಿದು ಬಂದೆ. ಗ್ಯಾಸ್ ಹಚ್ಚಲು ಮೂರು ಕಡ್ಡಿ ಬೇಕಾಯಿತು. ಏಳು ಗಂಟೆ ಹೋಯಿತು, ನನ್ನಿಂದ ಹೋಯಿತು ಅಂದುಕೊಂಡೆ.

ಆಮೇಲೆ ಚಾಕ್‌ಪೀಸ್ ಬೋರ್ಡಿಗೆ ಎರಡು ಸಲ ಬಡಿದ ಸದ್ದು. ಇವರಿಗೆ ಏನಾದರೂ ಹೊಳೆದರೆ ಹಾಗೆ ಬಡಿಯುತ್ತಿದ್ದರು.

"ಏಯ್. ಎಲ್ಲಾರೂ ನೋಡಿದ್ರಿ? ನಾ ಕರದೆನೇನು ಆಕಿಗಿ?"

"ಇಲ್ಲ ಸಾರ್!"

"ಜಂಗಾರೆಡ್ಡಿ ಸಾರ್ ಕರದ್ರೇನು?"

"ಇಲ್ಲ ಸಾರ್!"

"ತಾನೇ ಬಂದಳು. ಮಾಡೋದು ಮಾಡಿದಳು. ಒಂದೇ ಸಲ. ಹೋದಳು. ಇದೇ ಇವತ್ತಿನ ಪಾಠ. ಬರದು ಕುಂದ್ರಿಸಿದ ಫಂಕ್ಷನ್ ಕೆಳಗ ಸಾಂಬಾರ್ ತಿರುವಿಕೋತ ಇರ್ತದ, ಯಾರಾರ ಕರೀಲಿ ಅಂತ. ಆ ಖಾಲಿ ಬ್ರಾಕೆಟ್ ಅದರ ಕಾಲು. ಕಾಲು ಖಾಲಿ ಕಾಣ್ತದಂತ ತೆಗದ್ರ ಮೆಟ್ಟಲು ಯಾರು ಹತ್ತಬೇಕು? ಸೌಜನ್ಯಮ್ಮಾ, ಹಾಕು ಕಾಲು."

ಟಕ್ ಟಕ್. ಇಡೀ ಹಾಲ್ ಓ ಎಂದಿತು. ಗೋಡೆಯ ಮೇಲೆ ಅಮೀರ್‌ಪೇಟ್ ಬಂದಿರಬೇಕು.

"ಇನ್ನೊಂದು. ಆಕಿ ಕೈಯಾಗ ಏನಿತ್ತು?"

"ಸೌಟು ಸಾರ್!"

"ಈಗೆಲ್ಲದ ಸೌಟು? ಇಲ್ಲಿ ನಿಂತು ಸೌಟು ಅಂತ ಕೇಳಿದ್ರ ಏನು ಸಿಗ್ತದ?"

"ಎರರ್ ಸಿಗ್ತದ ಸಾರ್," ಎಂದಳು ಸೌಜನ್ಯ.

"ಶಾಬಾಸ್. ಒಳಗಿನ ಸೌಟು ಒಳಗಿನವರ ಜೊತೀಗೇ ಹೋತು. ಹೊರಗ ಏನೂ ಉಳಿಸಲಿಲ್ಲ."

"ಸಾರ್," ಎಂದ ಚರಣ್, "ಬಾಗಲಾಗ ಬಿಳಿ ಟೈಲ್ಸ್ ಮ್ಯಾಲ ಸಾಂಬಾರ್ ಬಿದ್ದದ."

"ಹಾಂ. ಅದಕ್ಕ ವಾರ್ ಹಾಕೋದು ಮರತಾಳ."

ಆ ನಗು ರಸ್ತೆಯ ತನಕ ಕೇಳಿಸಿತಂತೆ. ಕಾಸಿಂ ಭಾಯಿ ಅಂಗಡಿ ಬಿಟ್ಟು ಓಡಿಬಂದ, ಏನಾತು ಏನಾತು ಅಂತ.

ನಾಲ್ಕನೆಯ ದಿನ ಇವರ ಹತ್ತಿರ ಎಪ್ಪತ್ತೊಂದು ಹೆಸರು ಬಂತು, ಚರಣ್ ಹತ್ತಿರ ನಲವತ್ನಾಲ್ಕು. ಐದು ಜನ ಎಲ್ಲಿ ಹೋದರೋ ಗೊತ್ತಿಲ್ಲ. ಏಳು ಗಂಟೆ ಉಳಿಯಿತು. ಚರಣ್‌ಗೆ ಎರಡು ಗಂಟೆ ಕೊಟ್ಟರು. ಅವನು ಊಟಕ್ಕೆ ಬಂದವನು ತಟ್ಟೆಯ ಮುಂದೆ ಮುಖ ಇಳಿಬಿಟ್ಟು ಕೂರುತ್ತಿದ್ದ. ಇವರು ಒಳಗೆ ಬಂದು ನನ್ನ ಕಿವಿಯಲ್ಲಿ ಹೇಳಿದರು. "ಅವನ ಹುಡುಗರಿಗೆ ಮೊಸರನ್ನ ಕಡಿಮಿ ಹಾಕು. ಮಲಕೋತಾರ." ಆ ಹುಡುಗರು ಎರಡು ವರ್ಷ ಮೊಸರನ್ನಕ್ಕಾಗಿ ನನ್ನ ಜೊತೆ ಜಗಳವಾಡಿದರು. ಮಲಗಲಿಲ್ಲ.

ನೋಟ್ಸನ್ನು ಮತ್ತೆ ಬರೆದೆ. ಹದಿನಾಲ್ಕೂ ಬ್ರಾಕೆಟ್ಟು ದಪ್ಪ ಶಾಯಿಯಲ್ಲಿ ಹಾಕಿದೆ. ಕಾಸಿಂ ಭಾಯಿ ನೋಡಿ, "ಅಕ್ಕಾ, ಇದು ಬ್ರಾಕೆಟ್ಟೋ, ಬಳಿ ಅಳತೀನೋ?" ಎಂದ. ಬೇಡದ ಕಡೆಯೂ ಒಂದು ಹಾಕಿದ್ದೆ, ಇರಲಿ ಎಂದು. ಇವರು ಅದನ್ನು ಹೊಡೆದುಹಾಕಲಿಲ್ಲ. ಹಳೇ ನೋಟ್ಸು ಈಗಲೂ ವಿಜಯವಾಡದ ಕಡೆ ಕೈ ಬದಲಾಗುತ್ತಿದೆಯಂತೆ. ಅಲ್ಲಿ ಯಾವುದೂ ಓಡುವುದಿಲ್ಲ.

ಅಲ್ಲಿಂದ ಆರು ವರ್ಷ, ಪ್ರತಿ ಡೆಮೊದ ಮೂರನೆಯ ದಿನ ನಾನು ಮೇಲೆ ಹೋಗುತ್ತಿದ್ದೆ. ಇವರು ಬಾ ಎನ್ನುತ್ತಿರಲಿಲ್ಲ. ಕಿಂಡಿಯ ಕೆಳಗೆ ನಿಂತು, "ತಪ್ಪು ನಂದು" ಎನ್ನುವ ಮಾತು ಬರುವ ತನಕ ಕಾದು, ಗ್ಯಾಸ್ ಆರಿಸಿ, ಸೌಟು ಹಿಡಿದು ಹತ್ತುತ್ತಿದ್ದೆ. ಸುಳ್ಳು ಹೇಳಬ್ಯಾಡ್ರಿ ಎನ್ನುತ್ತಿದ್ದೆ. ಒಂದೆರಡು ಹನಿ ಬೀಳಿಸುತ್ತಿದ್ದೆ. ಪಾಠಕ್ಕೆ ಬೇಕಲ್ಲ. ಜಂಗಾರೆಡ್ಡಿ ಪ್ರತಿಸಲ "ಅಕ್ಕಾ, ಟೈಲ್ಸ್!" ಎಂದು ಕೂಗುತ್ತಿದ್ದ. ಹೊಸ ಹುಡುಗರು ನಿಜವೆಂದೇ ನಂಬುತ್ತಿದ್ದರು. ನಿಜವೇ ಅದು, ಒಂದು ಸಲದ್ದು.

ಇವರು ಹೋದ ಮೇಲೆ ಏಳು ಗಂಟೆ ಚರಣ್‌ಗೆ ಬಂತು. ಅವನೇ ಸರಿ. ಬಕೆಟ್ಟಿನ ಪಾಠ ಅವನೂ ಹೇಳುತ್ತಾನೆ. ಇವರ ಹಾಗೆ ಬರುವುದಿಲ್ಲ, ಸಾಕ್ಸ್ ಬರುವ ಮೊದಲೇ ತಾನೇ ನಗುತ್ತಾನೆ.

ಹೋದ ತಿಂಗಳು ಏಳು ಗಂಟೆಯಲ್ಲಿ ಅವನ ಮೊದಲ ಡೆಮೊ. ಎರಡನೆಯ ದಿನ ಮೆಸ್ಸಿಗೆ ಬಂದು ನಿಂತ.

"ಅಕ್ಕಾ, ನಾಳೆ ಆ ಪಾಠ. ಏಳೂವರಿಗೆ ಬರ್ತೀರಲ್ಲ?"

"ಬರಂಗಿಲ್ಲ."

"ಯಾಕಕ್ಕಾ? ಹುಡುಗರು ಕೇಳ್ಲಿಕತ್ತಾರ. ಬ್ಯಾಡಂದ್ರ ಬ್ಯಾಡ್ರಿ, ಆದ್ರ ನಿಮ್ಮನ್ನ ಕರೀದೇ..."

"ಕರದ್ರ ಬರೋದು ಬ್ಯಾರೆ ಫಂಕ್ಷನ್. ಸಾರ್ ನಿನಗ ಏನು ಕಲಿಸ್ಯಾರ?"

ತಲೆ ಕೆರೆದುಕೊಂಡು ಹೋದ.

ಹೋಗಬಾರದು ಅಂತಲೇ ಇತ್ತು. ಮರುದಿನ ಸಾಂಬಾರು ಕುದಿಯುತ್ತಿತ್ತು. ಕಿಂಡಿಯಿಂದ ಪಾಠ ಬರುತ್ತಿತ್ತು. ಚರಣ್ ಖಾಲಿ ಬ್ರಾಕೆಟ್ಟಿನ ತನಕ ಬಂದ. ಹುಡುಗರಿಗೆ, "ಏನೂ ಬಂದಿಲ್ಲ ಅಲ್ಲ? ಸುಮ್ಮ ಕೂತದಲ್ಲ?" ಎಂದ. ಅಲ್ಲಿ ನಿಲ್ಲಿಸಿದ. ಆ ಜಾಗದಲ್ಲಿ ಇವರು, ತಪ್ಪು ನಂದು, ಎನ್ನುತ್ತಿದ್ದರು. ಚರಣ್ ಅದನ್ನು ಹೇಳಲಿಲ್ಲ. ಅವನಿಗೆ ಅಷ್ಟು ಬುದ್ಧಿ ಇದೆ. ಸುಮ್ಮನಿದ್ದ.

ಎಷ್ಟು ಹೊತ್ತೋ. ನಾನು ಬಾಗಿಲಲ್ಲಿದ್ದೆ.

ತಲೆಗಳು ತಿರುಗಿದವು. ಚರಣ್ ಕೈ ಕಟ್ಟಿಕೊಂಡು ಒಂದು ಬದಿಗೆ ಸರಿದು ನಿಂತ. ನನ್ನ ಮಾತು, ಸುಳ್ಳು ಹೇಳಬ್ಯಾಡ್ರಿ. ಯಾರಿಗೆ ಹೇಳಬೇಕು? ಬೋರ್ಡಿನ ಮುಂದೆ ಯಾರೂ ಇರಲಿಲ್ಲ. "ನಾ ತೆಗದೀನಿ," ಎಂದೆ. ಅಷ್ಟೇ ಬಂತು. ಮುಂದಿನ ಬೆಂಚಿನ ಒಬ್ಬ ಹುಡುಗ, ಏನೂ ಗೊತ್ತಿಲ್ಲದವನು, "ಯಾಕ ಆಂಟಿ?" ಎಂದ.

"ಖಾಲಿ ಅದ ಅಂತ ತಿಳ್ಕೊಂಡಿದ್ದೆ."

ಸೌಟಿನಿಂದ ಹನಿ ಬಿತ್ತು. ಜಂಗಾರೆಡ್ಡಿ ಹಿಂದಿನಿಂದ, "ಅಕ್ಕಾ, ಟೈಲ್ಸ್!" ಎಂದು ಕೂಗಿದ. ಹುಡುಗರು ನಕ್ಕರು. ಚರಣ್ ಬೋರ್ಡಿಗೆ ಎರಡು ಸಲ ಬಡಿದ, "ಏಯ್, ನಾ ಕರದೆನೇನು?" ಎಂದು ಶುರು ಮಾಡಿದ. ಇಲ್ಲ ಸಾರ್ ಎಂದು ಎಲ್ಲರೂ ಕೂಗುವಾಗ ನಾನು ಅರ್ಧ ಮೆಟ್ಟಿಲು ಇಳಿದಿದ್ದೆ.

ಕೆಳಗೆ ಬಂದು ನೋಡಿದರೆ ಗ್ಯಾಸ್ ಆರಿಸಿರಲಿಲ್ಲ. ಸಾಂಬಾರು ತಳ ಹಿಡಿದಿತ್ತು. ಅವತ್ತು ಅದನ್ನೇ ಬಡಿಸಿದೆ.